ದೈತ್ಯ ಉಬ್ಬಿಗೆ ಸಣ್ಣ ಉಬ್ಬಿನ ಲೆಕ್ಕ ಬೇಡ
ಮಿದುಳಿನ ರಕ್ತನಾಳದಲ್ಲಿ ಉಬ್ಬು, ಅಂದರೆ ಅನ್ಯೂರಿಸಂ, ಇದೆ ಎಂದು ಸ್ಕ್ಯಾನ್ ವರದಿ ಬಂದರೆ ನೆಂಟರಿಷ್ಟರ ಮೊದಲ ಮಾತು, 'ತೊಂದರೆ ಕೊಡದಿದ್ದರೆ ಮುಟ್ಟಬೇಡಿ'. ಸಣ್ಣ ಉಬ್ಬಿಗೆ ಇದು ಎಷ್ಟೋ ಸಲ ಸರಿಯೇ. ಆದರೆ 25 ಮಿಲಿಮೀಟರ್ ದಾಟಿದ ದೈತ್ಯ ಅನ್ಯೂರಿಸಂ ವಿಷಯ ಬೇರೆ. 2003ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಇಂಥವು ಐದು ವರ್ಷದೊಳಗೆ ಒಡೆಯುವ ಸಂಭವ ಮಿದುಳಿನ ಮುಂಭಾಗದ ನಾಳಗಳಲ್ಲಿ ಶೇ. 40, ಹಿಂಭಾಗದಲ್ಲಿ ಶೇ. 50, ಕಣ್ಣುಗುಡ್ಡೆಯ ಹಿಂದಿರುವ ಕ್ಯಾವರ್ನಸ್ ಭಾಗದಲ್ಲಿ ಮಾತ್ರ ಸುಮಾರು ಶೇ. 6. ಹಾಗಾಗಿ ಗಾತ್ರದ ಜೊತೆಗೆ ಜಾಗವನ್ನೂ ಕೇಳಿ ತಿಳಿಯಿರಿ.

ಆಪರೇಷನ್‌ಗೆಂದು ತಲೆ ತೆರೆಯುವುದೇ ಅಪಾಯವಲ್ಲವೇ? ಹೌದು, ಸುಳ್ಳಲ್ಲ. ದೈತ್ಯ ಉಬ್ಬಿನ ಕತ್ತು ಸಾಮಾನ್ಯವಾಗಿ ಅಗಲ, ಗೋಡೆ ಗಡಸು, ಒಳಗೆ ಹೆಪ್ಪುಗಟ್ಟಿದ ರಕ್ತ. ರಕ್ತ ಒಳನುಗ್ಗದಂತೆ ಉಬ್ಬಿನ ಬುಡಕ್ಕೆ ಹಾಕಿದ ಕ್ಲಿಪ್ ಜಾರಬಹುದು. ಆಗ ನಾಳವನ್ನು ಕೆಲವೇ ನಿಮಿಷ ಬಂದ್ ಮಾಡಿ, ಚೀಲ ಸೀಳಿ, ಹೆಪ್ಪು ತೆಗೆದು ಕ್ಲಿಪ್ ಕೂರಿಸಬೇಕು. ಅದೂ ಆಗದಿದ್ದರೆ ನೆತ್ತಿಯ ಚರ್ಮದ ನಾಳವನ್ನೋ ಕೈಕಾಲಿನಿಂದ ತೆಗೆದ ನಾಳವನ್ನೋ ಜೋಡಿಸಿ ಬೈಪಾಸ್. ಹಾಗಾದರೆ ತೊಡೆಯ ನಾಳದಿಂದ ಹೋಗಿ, ರಕ್ತದ ಹರಿವನ್ನು ಉಬ್ಬಿನಿಂದ ಆಚೆ ತಿರುಗಿಸುವ ಫ್ಲೋ ಡೈವರ್ಟರ್ ಜಾಲರಿ ಕೂರಿಸಿದರೆ ಸಾಕಲ್ಲ ಎನ್ನುತ್ತೀರಿ. ಅನೇಕರಿಗೆ ಅದೇ ಒಳ್ಳೆಯದು. ಆದರೆ ಉಬ್ಬು ಮುಚ್ಚಲು ತಿಂಗಳುಗಳೇ ಹಿಡಿಯಬಹುದು. ಅಷ್ಟು ಕಾಲ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಪ್ಪಿಸುವಂತಿಲ್ಲ. ದೃಷ್ಟಿನರವನ್ನು ಒತ್ತುತ್ತಿರುವ ಉಬ್ಬಿಗೆ ಅಷ್ಟು ಕಾಯುವ ವ್ಯವಧಾನ ಇರಲಿಕ್ಕಿಲ್ಲ. ಆದ್ದರಿಂದ ಎರಡೂ ವಿದ್ಯೆ ಬಲ್ಲ ತಂಡವಿರುವ ಕಡೆ, ನಮ್ಮಲ್ಲಾದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥಲ್ಲಿಗೆ, ಫಿಲಂ ಮಾತ್ರವಲ್ಲ, ಸ್ಕ್ಯಾನ್ ಸಿ.ಡಿ.ಯನ್ನೂ ಒಯ್ದು ಎರಡನೇ ಅಭಿಪ್ರಾಯ ಪಡೆಯಿರಿ. ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಲು ಸಂಕೋಚಪಡಬೇಡಿ.