ಬದಲಾಗದ್ದನ್ನು ಒಮ್ಮೆ ಕೇಳಿದರೆ ಸಾಕು

ಮಗಳೇ,

ಆಲ್ದೂರಿನ ಮನೆಯಲ್ಲೇ ಕೂತು ಕಾಫಿ ಕೊಯ್ಲಿನ ಲೆಕ್ಕಕ್ಕೆ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೀಯಲ್ಲ, ಬಹಳ ಸಂತೋಷ. ಕೊಯ್ದವರ ಹೆಸರು, ಬ್ಲಾಕು, ಹಣ್ಣಿನ ಕಿಲೋ ಇರುವ ಒಂದು ಕ್ಲಾಸು. ಅದನ್ನು ಫೈಲಿಗೆ ಇಳಿಸಲು ರಿಫ್ಲೆಕ್ಷನ್, ಅಂದರೆ ಕ್ಲಾಸಿನಲ್ಲಿ ಯಾವ ಫೀಲ್ಡುಗಳಿವೆ ಎಂದು ಪ್ರೋಗ್ರಾಂ ಓಡುವಾಗಲೇ ಕೇಳಿ ತಿಳಿಯುವುದು. ಒಳ್ಳೆಯ ದಾರಿಯೇ. ನಾಳೆ ದಿನಾಂಕದ ಫೀಲ್ಡು ಸೇರಿಸಿದರೂ ಬರೆಯುವ ಕೋಡನ್ನು ಮುಟ್ಟಬೇಕಿಲ್ಲ.

ಆದರೆ ನಿನ್ನ ಲೂಪಿನ ಒಳಗೆ ನೋಡು. ಒಂದೊಂದು ಸಾಲಿಗೂ ‘ಗೆಟ್‌ಡಿಕ್ಲೇರ್ಡ್‌ಫೀಲ್ಡ್ಸ್’ ಕರೆಯುತ್ತಿದ್ದೀಯ. ಜಾವಾ ಫೀಲ್ಡುಗಳ ಪಟ್ಟಿಯನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ, ನಿಜ. ಆದರೂ ಕೇಳಿದಾಗಲೆಲ್ಲ ಹೊಸ ನಕಲು ಮಾಡಿಯೇ ಕೊಡುತ್ತದೆ. ಪ್ರವೇಶದ ಅನುಮತಿಗಾಗಿ ಒಂದು ಫೀಲ್ಡಿನ ಮೇಲೆ ‘ಸೆಟ್‌ಆಕ್ಸೆಸಿಬಲ್’ ಕರೆದರೆ ಆ ವಸ್ತುವೇ ಬದಲಾಗುತ್ತದೆ; ನೀನು ಬದಲಿಸಿದ್ದು ಇನ್ನೊಬ್ಬರಿಗೆ ತಟ್ಟಬಾರದಲ್ಲ, ಅದಕ್ಕೇ ನಕಲು. ಹಾಗಾಗಿ ಸಾಲು ಸಾಲಿಗೂ ಹೊಸ ಅರೇ, ಹೊಸ ಫೀಲ್ಡುಗಳು, ಮತ್ತೆ ಅದೇ ಪ್ರವೇಶದ ಅನುಮತಿ.

ತೋಟದಲ್ಲಿ ಹಣ್ಣನ್ನು ದಿನಾ ತೂಗುತ್ತೇವೆ, ಬ್ಲಾಕಿನ ಗಡಿಯನ್ನು ದಿನಾ ಅಳೆಯುವುದಿಲ್ಲ. ಕ್ಲಾಸಿನ ರೂಪ ಗಡಿಯಿದ್ದಂತೆ: ಒಮ್ಮೆ ಲೋಡ್ ಆದ ಮೇಲೆ ಅದಕ್ಕೆ ಹೊಸ ಫೀಲ್ಡು ಹುಟ್ಟುವುದಿಲ್ಲ. ಕಿಲೋ ಮಾತ್ರ ಸಾಲಿಗೊಂದು. ಆದ್ದರಿಂದ ಫೀಲ್ಡುಗಳ ಪಟ್ಟಿಯನ್ನು ಕ್ಯಾಶ್ ಮಾಡು, ಅಂದರೆ ಒಮ್ಮೆ ಪಡೆದು ಇಟ್ಟುಕೋ; ಫೀಲ್ಡಿನ ಒಳಗಿನ ಮೌಲ್ಯವನ್ನು ಎಂದೂ ಕ್ಯಾಶ್ ಮಾಡಬೇಡ. ಗೋ ಭಾಷೆಯ ಜೇಸನ್ ಪ್ಯಾಕೇಜು ಮಾಡುವುದೂ ಇದನ್ನೇ. ಒಂದು ಟೈಪಿನ ಫೀಲ್ಡುಗಳನ್ನು ಒಮ್ಮೆ ಲೆಕ್ಕ ಹಾಕಿ, ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತದೆ.

ಕ್ಯಾಶಿನ ಕೀಲಿ ಕ್ಲಾಸೇ ಆಗಿರಲಿ, ಅದರ ಹೆಸರಲ್ಲ. ಎರಡು ಕ್ಲಾಸ್‌ಲೋಡರುಗಳು ಒಂದೇ ಹೆಸರಿನ ಎರಡು ಬೇರೆ ಬೇರೆ ಕ್ಲಾಸುಗಳನ್ನು ತರಬಹುದು. ಹಲವು ಥ್ರೆಡ್ಡುಗಳು ಒಟ್ಟಿಗೆ ಬರುವ ಕಡೆ ಸಾದಾ ಹ್ಯಾಶ್‌ಮ್ಯಾಪ್ ನಂಬಬೇಡ, ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್ ಬಳಸು.

ಇನ್ನೊಂದು ವಿಷಯ ಗಟ್ಟಿಯಾಗಿ ನೆನಪಿಡು. ಸ್ಟ್ಯಾಟಿಕ್ ಮ್ಯಾಪಿನಲ್ಲಿ ಕ್ಲಾಸನ್ನು ಇಟ್ಟರೆ, ಆ ಮ್ಯಾಪ್ ಇರುವವರೆಗೂ ಕ್ಲಾಸು ಮೆಮೊರಿಯಿಂದ ಇಳಿಯುವುದಿಲ್ಲ. ಸರ್ವರನ್ನು ನಿಲ್ಲಿಸದೆ ಅಪ್ಲಿಕೇಶನ್ನನ್ನು ಮತ್ತೆ ಮತ್ತೆ ಹೊಸದಾಗಿ ಹಾಕುವ ಕಡೆ ಹಳೆಯವು ಒಂದರ ಮೇಲೊಂದು ರಾಶಿ ಬೀಳುತ್ತವೆ. ಕೀಲಿಯನ್ನು ಸಡಿಲವಾಗಿ ಹಿಡಿಯುವ ವೀಕ್‌ಹ್ಯಾಶ್‌ಮ್ಯಾಪ್ ಹಾಕಿದೆ, ಇನ್ನು ಚಿಂತೆಯಿಲ್ಲ ಅಂದುಕೊಳ್ಳಬೇಡ: ಒಳಗಿರುವ ಫೀಲ್ಡು ತನ್ನ ಕ್ಲಾಸನ್ನು ಬಿಗಿಯಾಗಿ ಹಿಡಿದೇ ಇರುತ್ತದೆ, ಕೀಲಿ ಸಡಿಲವಾಗುವುದೇ ಇಲ್ಲ. ಜಾವಾ 7ರಲ್ಲಿ ಬಂದ ಕ್ಲಾಸ್‌ವ್ಯಾಲ್ಯೂ ಕ್ಲಾಸಿಗೇ ಮಾಹಿತಿಯನ್ನು ಅಂಟಿಸಿಡಲೆಂದು ಇರುವುದು. ಅದನ್ನು ಕಲಿ.

ಇಷ್ಟೆಲ್ಲ ಮಾಡುವ ಮೊದಲು ಪ್ರೊಫೈಲರ್ ಓಡಿಸಿ ನೋಡು. ಹೊತ್ತು ಹೋಗುತ್ತಿರುವುದು ಡಿಸ್ಕಿಗೆ ಬರೆಯುವುದರಲ್ಲಾದರೆ, ಕ್ಯಾಶಿನಿಂದ ಏನೂ ದಕ್ಕುವುದಿಲ್ಲ. ನೋಡಿಕೊಳ್ಳಬೇಕಾದ ಕೋಡು ಮಾತ್ರ ಹೆಚ್ಚುತ್ತದೆ. ಬೇಕೇ ಬೇಕು ಎನಿಸಿದಾಗ, ಇಟ್ಟದ್ದು ಯಾವಾಗ ಹಳತಾಗುತ್ತದೆ, ಹಳತಾದಾಗ ಯಾರು ತೆಗೆಯುತ್ತಾರೆ ಎಂಬುದನ್ನು ಅಲ್ಲೇ ಕಾಮೆಂಟಿನಲ್ಲಿ ಬರೆದಿಡು. ಆ ಎರಡು ಸಾಲು ಬರೆಯಲು ಬಾರದಿದ್ದರೆ ಆ ಕ್ಯಾಶನ್ನು ಕಟ್ಟಲೇಬೇಡ.