ಚಕ್ಕುಲಿ ಪೊಟ್ಟಣ ಯಾವ ಡಬ್ಬಕ್ಕೆ?

ಈ ಸಂಚಿಕೆಯನ್ನು ದುಬೈನ ಅಲ್ ನಹ್ದಾದ ನಮ್ಮ ಮನೆಯಿಂದ ರೆಕಾರ್ಡ್ ಮಾಡ್ತಾ ಇದ್ದೀನಿ. ಹಿಂದೆ ಏಸಿ ಸದ್ದು ಕೇಳಿಸಿದ್ರೆ ಕ್ಷಮಿಸಿ. ಜುಲೈ ತಿಂಗಳಲ್ಲಿ ಅದನ್ನು ಆರಿಸೋ ಧೈರ್ಯ ನನಗಿಲ್ಲ.

ಕಳೆದ ಸಲ ಊರಿಂದ ಬರುವಾಗ ಅಮ್ಮ ಎರಡು ಕಿಲೋ ಚಕ್ಕುಲಿ ಕಟ್ಟಿಕೊಟ್ಟಿದ್ರು. ತೆಳು ಪ್ಲಾಸ್ಟಿಕ್ ಕವರು, ಬಾಯಿಗೆ ರಬ್ಬರ್ ಬ್ಯಾಂಡು. ಮೂರನೇ ವಾರಕ್ಕೆ ಕಮಟು ವಾಸನೆ. ಅರ್ಧಕ್ಕರ್ಧ ಎಸೆಯಬೇಕಾಯ್ತು. ಅದೇ ಶೆಲ್ಫಿನಲ್ಲಿ ಎರಡು ತಿಂಗಳ ಹಿಂದೆ ಪ್ಯಾಕ್ ಆಗಿದ್ದ ಅಂಗಡಿ ಚಕ್ಕುಲಿ ಮಾತ್ರ ಗರಿಗರಿಯಾಗಿತ್ತು. ಅದು ಖಾಲಿಯಾದ ಮೇಲೆ ಮಗಳು ಪೊಟ್ಟಣ ಹಿಡಿದು ಬಂದಳು. "ಅಮ್ಮಾ, ರೀಸೈಕಲ್ ಡಬ್ಬಕ್ಕೆ ಹಾಕ್ಲಾ?" "ಬೇಡ ಪುಟ್ಟಾ, ಅದು ಕಸಕ್ಕೆ." "ಯಾಕೆ, ಇದೂ ಪ್ಲಾಸ್ಟಿಕ್ಕೇ ಅಲ್ವಾ?"

ಚಕ್ಕುಲಿಯನ್ನು ಕಾಪಾಡಿದ ಗುಣವೇ ಆ ಪೊಟ್ಟಣವನ್ನು ಕಸ ಮಾಡಿದ್ದು. ಇವತ್ತಿನ ಪಾಠ ಅದೇ.

ಮೊದಲು ಚಕ್ಕುಲಿ ಕೆಟ್ಟಿದ್ದು ಯಾಕೆ ಅಂತ ನೋಡೋಣ. ನಾನು ಜೀವವಿಜ್ಞಾನಿ, ತಕ್ಷಣ ಸೂಕ್ಷ್ಮಜೀವಿಗಳನ್ನೇ ಅನುಮಾನಿಸಬೇಕು. ಆದರೆ ಗರಿಗರಿ ಚಕ್ಕುಲಿಯಲ್ಲಿ ಅವು ಬೆಳೆಯುವಷ್ಟು ನೀರಿಲ್ಲ. ಇಲ್ಲಿ ಕಳ್ಳ ಆಮ್ಲಜನಕ. ಕರಿದ ಎಣ್ಣೆಯ ಅಪರ್ಯಾಪ್ತ ಕೊಬ್ಬಿನಾಮ್ಲಗಳ ಜೊತೆ ಅದು ಸೇರಿದಾಗ ಸರಪಳಿ ಕ್ರಿಯೆ ಶುರುವಾಗುತ್ತೆ: ಕೆಟ್ಟ ಒಂದು ಅಣು ಪಕ್ಕದ್ದನ್ನೂ ಕೆಡಿಸುತ್ತೆ. ಕೊನೆಗೆ ಹೆಕ್ಸನಾಲ್‌ನಂಥ ಸಣ್ಣ ಅಣುಗಳು ಹುಟ್ಟುತ್ತವೆ. ನಮ್ಮ ಮೂಗಿಗೆ ಬಡಿಯೋ ಕಮಟು ಅದೇ. ಬಿಸಿ ಹೆಚ್ಚಿದಷ್ಟೂ ವೇಗ ಹೆಚ್ಚು. ಇಲ್ಲಿನ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಇಟ್ಟರೂ ಸಾಕು, ಆಯಸ್ಸು ಕಡಿಮೆಯಾಗುತ್ತೆ.

"ಕವರ್ ಕಟ್ಟಿತ್ತಲ್ಲ, ಗಾಳಿ ಹೇಗೆ ಹೋಯ್ತು?" ಅಂತ ಕೇಳಬಹುದು. ರಬ್ಬರ್ ಬ್ಯಾಂಡಿನ ಸಂದಿಯಿಂದ ಸ್ವಲ್ಪ ಹೋಗಿರಬಹುದು. ಆದರೆ ಕವರಿನ ಗೋಡೆಯೇ ಗಾಳಿಯನ್ನು ಬಿಡುತ್ತೆ. ಅದು ಪಾಲಿಎಥಿಲೀನ್. ನೀರನ್ನು ಚೆನ್ನಾಗಿ ತಡೆಯುತ್ತೆ, ಆಮ್ಲಜನಕವನ್ನು ತಡೆಯೋಲ್ಲ. ಆಮ್ಲಜನಕದ ಅಣು ಒಂದು ಬದಿಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಕರಗಿ, ಸರಪಳಿಗಳ ಮಧ್ಯೆ ನುಸುಳಿ, ಇನ್ನೊಂದು ಬದಿಯಲ್ಲಿ ಹೊರಬರುತ್ತೆ.

ಒಂದು ಲೆಕ್ಕ ಮಾಡೋಣ. 20 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಪೊಟ್ಟಣ. ಎರಡೂ ಬದಿ ಸೇರಿ 600 ಚದರ ಸೆಂಟಿಮೀಟರ್. ಒಳಗೆ ಆಮ್ಲಜನಕವೇ ಇಲ್ಲ ಅಂದುಕೊಳ್ಳಿ. 50 ಮೈಕ್ರಾನ್ ದಪ್ಪದ ಪಾಲಿಎಥಿಲೀನ್ ಆದರೆ ಹೊರಗಿನ ಗಾಳಿಯಿಂದ ದಿನಕ್ಕೆ ಹತ್ತಿರ ಹತ್ತಿರ 50 ಮಿಲಿಲೀಟರ್ ಆಮ್ಲಜನಕ ಒಳಗೆ ಬರುತ್ತೆ. ಒಳಗೆ ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಪದರ ಇದ್ದರೆ? ಆರು ತಿಂಗಳಿಗೆ ಎರಡು, ಎರಡೂವರೆ ಮಿಲಿಲೀಟರ್. ಅರ್ಧ ಟೀ ಚಮಚ!

ಅದಕ್ಕೇ ಲ್ಯಾಮಿನೇಟ್. ಹೊರಗೆ ಮುದ್ರಣಕ್ಕೆ ಪಾಲಿಯೆಸ್ಟರ್, ನಡುವೆ ಲೋಹ, ಒಳಗೆ ಬಿಸಿಗೆ ಅಂಟಿಕೊಳ್ಳುವ ಪಾಲಿಎಥಿಲೀನ್. ನಮ್ಮ ಮೈಸೂರಿಗೂ ಈ ಕಥೆಯಲ್ಲಿ ದೊಡ್ಡ ಪಾತ್ರ ಇದೆ. ಅಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಲ್ಲಿ ಶುರುವಾಯ್ತು. ಸೈನಿಕರಿಗಾಗಿ ಅದು ರಿಟಾರ್ಟ್ ಪೌಚ್ ಊಟಗಳನ್ನು ರೂಪಿಸಿತು. ಆ ತಂತ್ರಜ್ಞಾನ ಆಮೇಲೆ ಎಂಟಿಆರ್‌ನಂಥ ಕಂಪನಿಗಳಿಗೂ ಬಂತು. ಪಾಲಿಯೆಸ್ಟರ್, ಅಲ್ಯೂಮಿನಿಯಂ ಹಾಳೆ, ಪಾಲಿಪ್ರೊಪಿಲೀನ್ ಸೇರಿದ ಆ ಬಗೆಯ ಪೌಚಿನಿಂದಲೇ ಫ್ರಿಜ್ಜಿಲ್ಲದೆ ಬಿಸಿಬೇಳೆಬಾತು ಕಡಲು ದಾಟಿ ಬರುತ್ತೆ.

ಹಾಗಾದರೆ ತೊಂದರೆ ಎಲ್ಲಿ? ರೀಸೈಕಲ್ ಅಂದ್ರೆ ಸಾಮಾನ್ಯವಾಗಿ ಕರಗಿಸಿ ಮತ್ತೆ ಎರಕ ಹೊಯ್ಯೋದು. ಪಾಲಿಎಥಿಲೀನ್ 105ರಿಂದ 135 ಡಿಗ್ರಿಯೊಳಗೆ ಕರಗುತ್ತೆ, ಪಾಲಿಯೆಸ್ಟರ್‌ಗೆ 250 ಬೇಕು, ಅಲ್ಯೂಮಿನಿಯಂಗೆ 660. ಒಟ್ಟಿಗೆ ಕರಗಿಸಿದರೂ ಎರಡು ಪ್ಲಾಸ್ಟಿಕ್‌ಗಳು ಎಣ್ಣೆ-ನೀರಿನ ಹಾಗೆ ಬೇರೆಯಾಗೇ ನಿಲ್ಲುತ್ತವೆ. ಅಂಟಿಸಿದ ಪದರಗಳನ್ನು ಬಿಡಿಸೋದು ದುಬಾರಿ. ಭಾರತದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ರೀಸೈಕಲ್ ಆಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಎಂದಿದ್ದವು. 2018ರ ತಿದ್ದುಪಡಿ ಅದನ್ನು ಸಡಿಲಿಸಿತು: ಸುಟ್ಟು ಶಕ್ತಿ ಪಡೆಯಲು ಅಥವಾ ಬೇರೆ ಉಪಯೋಗಕ್ಕೆ ಬಂದರೂ ಸರಿ ಅಂತ. ದುಬೈನಲ್ಲಿ 2024ರ ಜೂನ್ 1ರಿಂದ ಒಂದೇ ಸಲ ಬಳಸುವ ಕೈಚೀಲಗಳಿಗೆ ನಿಷೇಧ. ಚೀಲಕ್ಕೆ ಬಟ್ಟೆ ಚೀಲ ಬದಲಿ ಇದೆ. ಆಮ್ಲಜನಕ ತಡೆಯುವ ಪೊಟ್ಟಣಕ್ಕೆ ಬಟ್ಟೆ ಬದಲಿ ಆಗೋಲ್ಲ, ಅಲ್ವಾ?

ಈಗಿನ ಉಪಾಯ: ಇಡೀ ಪೊಟ್ಟಣವನ್ನು ಒಂದೇ ಕುಟುಂಬದ ಪ್ಲಾಸ್ಟಿಕ್‌ನಿಂದ ಮಾಡೋದು. ಪಾಲಿಎಥಿಲೀನ್ ಒಳಗೂ ಹೊರಗೂ, ನಡುವೆ ಮೂರು ಮೈಕ್ರಾನಿನಷ್ಟು ಇವಿಒಎಚ್, ಅಂದ್ರೆ ಎಥಿಲೀನ್ ವಿನೈಲ್ ಆಲ್ಕೋಹಾಲ್. ಇದರ ಸರಪಳಿಗಳು ಹೈಡ್ರಜನ್ ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರೋದ್ರಿಂದ ಆಮ್ಲಜನಕಕ್ಕೆ ನುಸುಳಲು ದಾರಿ ಸಿಗೋಲ್ಲ. ತೂಕದಲ್ಲಿ ಶೇಕಡಾ 5ರೊಳಗಿದ್ದರೆ ಪಾಲಿಎಥಿಲೀನ್ ರೀಸೈಕ್ಲಿಂಗ್‌ಗೆ ಅಡ್ಡಿಯಿಲ್ಲ ಅಂತ ಯುರೋಪಿನ ವಿನ್ಯಾಸ ಮಾರ್ಗಸೂಚಿಗಳು ಹೇಳುತ್ತವೆ.

ಆದರೆ ಎರಡು ತೊಡಕು. ಒಂದು, ನೀರು. ತೇವ ಹೀರಿದರೆ ಆ ಬಂಧಗಳ ನಡುವೆ ನೀರಿನ ಅಣುಗಳು ಸೇರಿಕೊಂಡು ತಡೆ ಕುಸಿಯುತ್ತೆ. ಅದಕ್ಕೇ ನೀರನ್ನು ದೂರ ಇಡುವ ಪಾಲಿಎಥಿಲೀನ್ ನಡುವೆ ಅದನ್ನು ಬಚ್ಚಿಡೋದು. 121 ಡಿಗ್ರಿ ಹಬೆಯಲ್ಲಿ ಬೇಯುವ ರಿಟಾರ್ಟ್ ಪೌಚಿಗೆ ಇದು ಕಷ್ಟ. ಅಲ್ಲಿ ಪಾಲಿಪ್ರೊಪಿಲೀನ್ ಮೇಲೆ ಗಾಜಿನಂಥ ಸಿಲಿಕಾನ್ ಆಕ್ಸೈಡಿನ ಅತಿ ತೆಳು ಲೇಪ ಒಂದು ದಾರಿ.

ಎರಡು, ಸೀಲ್ ಮಾಡೋದು. ಹಿಂದೆ ಹೊರಪದರ ಪಾಲಿಯೆಸ್ಟರ್. ಕಾದ ಕಬ್ಬಿಣಕ್ಕೆ ಜಗ್ಗುತ್ತಿರಲಿಲ್ಲ. ಈಗ ಎರಡೂ ಪಾಲಿಎಥಿಲೀನ್ ಆದರೆ ಒಳಗಿನದು ಅಂಟುವ ಹೊತ್ತಿಗೆ ಹೊರಗಿನದೂ ಕರಗುತ್ತೆ. ಹಾಗಾಗಿ ಹೊರಗೆ ಎಳೆದು ಗಟ್ಟಿ ಮಾಡಿದ ಹೆಚ್ಚು ಸಾಂದ್ರತೆಯದ್ದು, ಒಳಗೆ ಬೇಗ ಕರಗುವಂಥದ್ದು. ನಡುವಿನ ಕೆಲವೇ ಡಿಗ್ರಿಯಲ್ಲಿ ಯಂತ್ರ ನಡೆಸಬೇಕು. ಸೀಲು ಸೋರಿದರೆ ಎಷ್ಟು ಒಳ್ಳೆ ಪದರ ಇದ್ದರೂ ವ್ಯರ್ಥ.

ಒಂದು ಎಚ್ಚರಿಕೆ, ಜೀವವಿಜ್ಞಾನಿಯಾಗಿ. ಆಮ್ಲಜನಕ ಇಲ್ಲ ಅಂದ ಮಾತ್ರಕ್ಕೆ ಆಹಾರ ಸುರಕ್ಷಿತ ಅಲ್ಲ. ಬಾಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯೋದೇ ಆಮ್ಲಜನಕ ಇಲ್ಲದ ಕಡೆ. ಮನೆಯ ಸಾರು, ಪಲ್ಯವನ್ನು ವ್ಯಾಕ್ಯೂಮ್ ಪ್ಯಾಕ್ ಮಾಡಿ ಹೊರಗಿಡಬೇಡಿ.

ಇನ್ನೊಂದು ಮಾತು. ರೀಸೈಕಲ್ ಮಾಡಬಹುದಾದ ಪೊಟ್ಟಣವೂ ಯಾರಾದರೂ ಸಂಗ್ರಹಿಸಿ ತೊಳೆದು ಕರಗಿಸುವ ತನಕ ಕಸವೇ. ಹಾಗಂತ ತಡೆಪದರವೇ ಬೇಡ ಅಂದ್ರೆ ಅಮ್ಮನ ಚಕ್ಕುಲಿಯ ಗತಿ ಗೊತ್ತಲ್ಲ. ಎಸೆದ ಆಹಾರದ ಹಿಂದೆ ಎಣ್ಣೆ, ಅಕ್ಕಿ, ಗ್ಯಾಸು, ಅಮ್ಮನ ಒಂದಿಡೀ ದಿನದ ದುಡಿಮೆ ಇತ್ತು.

ಈ ಸಲ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೀನಿ: ಕವರ್ ಬೇಡ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ತುಂಬಾ ತುಂಬಿಸಿ, ಒಳಗೆ ಗಾಳಿಗೆ ಜಾಗ ಕಡಿಮೆ ಇರಲಿ. ಮಗಳಿಗೂ ಉತ್ತರ ಸಿಕ್ಕಿತು: "ಪುಟ್ಟಾ, ಇದು ಒಂದು ಪ್ಲಾಸ್ಟಿಕ್ ಅಲ್ಲ, ಮೂರು ವಸ್ತು ಅಂಟಿಸಿದ್ದು. ಒಂದೇ ಮಾಡೋಕೆ ಪ್ರಯತ್ನ ನಡೀತಿದೆ." ಅವಳು ಈಗ ಪ್ರತಿ ಪೊಟ್ಟಣವನ್ನೂ ಹರಿದು, ಒಳಗೆ ಬೆಳ್ಳಿ ಬಣ್ಣ ಇದೆಯಾ ಅಂತ ನೋಡ್ತಾಳೆ. ನೀವೂ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.