ಗೋಡೆಗೆ ಹಿಡಿದ ಬೂಷ್ಟು: ಒರೆಸುವ ಮೊದಲು ನೀರಿನ ಲೆಕ್ಕ



ಎರಡು ಚಳಿಗಾಲದ ಹಿಂದಿನ ಮಾತು. ಊರಿನಿಂದ ಬಂದಿದ್ದ ಅಮ್ಮ, ರೆಡಿಂಗ್‌ನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಮಗಳ ಕೋಣೆಗೆ ಕಾಲಿಟ್ಟವರೇ, "ಏನೋ ಇದು, ತೀರ್ಥಹಳ್ಳಿಯ ಆಷಾಢದ ವಾಸನೆ ಬರ್ತಿದೆ!" ಎಂದರು. ಬೀರು ಎಳೆದು ನೋಡಿದರೆ ಹಿಂದಿನ ಗೋಡೆಯ ಮೂಲೆಯೆಲ್ಲ ಕಪ್ಪು ಚುಕ್ಕೆ. ಮಗಳು ಒಂದು ತಿಂಗಳಿಂದ ರಾತ್ರಿ ಕೆಮ್ಮುತ್ತಿದ್ದಳು. ನರ್ಸರಿಯಿಂದ ತಂದ ಶೀತ ಅಂದುಕೊಂಡಿದ್ದೆವು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೂಪರ್‌ಮಾರ್ಕೆಟ್‌ನಿಂದ ಸ್ಪ್ರೇ ತಂದು ಒರೆಸಿ, ಮೇಲೊಂದು ಕೋಟ್ ಬಿಳಿ ಬಣ್ಣ ಬಳಿದೆ. ಆರು ವಾರದಲ್ಲಿ ಬೂಷ್ಟು ವಾಪಸ್! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಎರರ್ ಮೆಸೇಜ್ ಅಳಿಸಿದ್ದೆ, ಬಗ್ ಹಾಗೇ ಇತ್ತು.

ಬೂಷ್ಟಿನ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇರುತ್ತವೆ. ಅವಕ್ಕೆ ಬೇಕಾದ ಆಹಾರವೂ ಗೋಡೆಯ ಕಾಗದ, ಧೂಳುಗಳಲ್ಲಿ ಧಾರಾಳವಾಗಿದೆ. ಕೊರತೆ ಇರುವುದು ನೀರಿಗೆ ಮಾತ್ರ. ಆ ನೀರು ಸೋರುವ ಪೈಪಿನಿಂದಲೋ ಮಾಡಿನಿಂದಲೋ ಬರಬಹುದು, ನೆಲದಿಂದ ಗೋಡೆ ಹತ್ತಬಹುದು, ಇಲ್ಲವೇ ಮನೆಯೊಳಗಿನ ಗಾಳಿಯಿಂದಲೇ ಬರಬಹುದು. ನಮ್ಮದು ಮೂರನೆಯದು.

20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ, 10 ಡಿಗ್ರಿಯಲ್ಲಿ 9 ಗ್ರಾಂ ಅಷ್ಟೇ. ಹಾಗಾಗಿ ಕೋಣೆಯ ನಡುವೆ 20 ಡಿಗ್ರಿ, ಶೇಕಡಾ 60 ತೇವಾಂಶ ಇರುವ ಅದೇ ಗಾಳಿ, 15 ಡಿಗ್ರಿಯ ತಣ್ಣನೆಯ ಮೂಲೆಗೆ ತಾಗಿದಾಗ ಅಲ್ಲಿ ಶೇಕಡಾ 80 ಆಗಿಬಿಡುತ್ತದೆ. ಬೂಷ್ಟಿಗೆ ಅಷ್ಟು ಸಾಕು, ಹನಿ ಇಳಿಯಲೇಬೇಕೆಂದಿಲ್ಲ. ಬೀರುವಿನ ಹಿಂದೆ ಬಿಸಿಯೂ ತಲುಪದು, ಗಾಳಿಯೂ ಆಡದು. ಅದಕ್ಕೇ ಅದು ಅಲ್ಲಿ ಅಡಗಿ ಕೂತಿತ್ತು.

ಇಲ್ಲಿ ನಮ್ಮ ಊರಿನ ಬುದ್ಧಿ ಕೈಕೊಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗಾಳಿ ಬೆಚ್ಚಗಿದ್ದು ನೀರಿನಿಂದ ತುಂಬಿರುತ್ತದೆ. ಕಿಟಕಿ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಬಟ್ಟೆ ಒಣಗಬೇಕಾದರೆ ಬಚ್ಚಲೊಲೆಯ ಬಿಸಿಯೇ ಗತಿ. ಇಂಗ್ಲೆಂಡಿನ ಚಳಿಗಾಲ ಹಾಗಲ್ಲ. 5 ಡಿಗ್ರಿಯ ಜಿಟಿಜಿಟಿ ದಿನದಲ್ಲೂ ಹೊರಗಿನ ಗಾಳಿಯಲ್ಲಿ ಇರುವುದು ಆರು ಗ್ರಾಂ ನೀರು. ಅದನ್ನು ಒಳಗೆ ಬಿಟ್ಟು 20 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇಕಡಾ 35ರ ಆಸುಪಾಸು! ಮಳೆ ಬರುತ್ತಿದ್ದರೂ ಹತ್ತು ನಿಮಿಷ ಎರಡೂ ಕಡೆಯ ಕಿಟಕಿ ತೆರೆದರೆ ಮನೆ ಒಣಗುತ್ತದೆ. ಅಮ್ಮ ಇದನ್ನು ನಂಬಲಿಲ್ಲ. ಮೀಟರ್ ತೋರಿಸಿದ ಮೇಲೂ ಅರ್ಧ ಮಾತ್ರ ನಂಬಿದರು.

ಆ ಮೀಟರ್ ಎಂದರೆ ಹತ್ತು ಪೌಂಡಿನ ಹೈಗ್ರೋಮೀಟರ್. ಮಗಳ ಕೋಣೆಯಲ್ಲಿ ಬೆಳಿಗ್ಗೆ ಶೇಕಡಾ 74 ತೋರಿಸುತ್ತಿತ್ತು. 60 ದಾಟದಂತೆ ನೋಡಿಕೊಳ್ಳಬೇಕು. ಕುತೂಹಲಕ್ಕೆ ವಾಷಿಂಗ್ ಮೆಷಿನ್‌ನಿಂದ ತೆಗೆದ ಬಟ್ಟೆಯನ್ನು ತೂಗಿ, ರೇಡಿಯೇಟರ್ ಮೇಲೆ ಒಣಗಿದ ನಂತರ ಮತ್ತೆ ತೂಗಿದೆ. ಎರಡು ಕೆಜಿ ಕಡಿಮೆ, ಅಂದರೆ ಎರಡು ಲೀಟರ್ ನೀರನ್ನು ನಾವೇ ಮನೆಯ ಗಾಳಿಗೆ ಸುರಿದಿದ್ದೆವು. ತಪ್ಪು ನಮ್ಮದೂ ಇತ್ತು. ಈಗ ಬಟ್ಟೆ ಒಣಗುವುದು ಬಚ್ಚಲಲ್ಲಿ, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ. ಕುಕ್ಕರ್ ಇಟ್ಟಾಗ ಅಡುಗೆಮನೆಯ ಬಾಗಿಲೂ ಮುಚ್ಚುತ್ತೇವೆ. ಬೀರು ಗೋಡೆಯಿಂದ ನಾಲ್ಕು ಇಂಚು ಈಚೆಗೆ ಬಂದಿದೆ.

ಫ್ಯಾನ್ ಸದ್ದು ಮಾಡಿದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ಒಂದು ಟಾಯ್ಲೆಟ್ ಪೇಪರ್ ಹಾಳೆ ಹಿಡಿದು ನೋಡಿ, ಅದು ಜಾಲರಿಗೆ ಅಂಟಿಕೊಳ್ಳಬೇಕು. ನಮ್ಮಲ್ಲಿ ಹಾಳೆ ಅಲ್ಲಾಡಲೂ ಇಲ್ಲ!

ಒರೆಸುವಾಗ ಮಾಸ್ಕ್, ಗ್ಲವ್ಸ್ ಇರಲಿ, ಮಕ್ಕಳು ಬೇರೆ ಕೋಣೆಯಲ್ಲಿರಲಿ. ಒಣ ಬ್ರಷ್‌ನಿಂದ ಉಜ್ಜಿದರೆ ಬೀಜಕಣ ಮನೆಯೆಲ್ಲ ಹಾರುತ್ತದೆ. ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದು, ಗೋಡೆ ಪೂರ್ತಿ ಒಣಗಿಸಿ. ಬ್ಲೀಚ್ ಬಳಸುವುದಾದರೆ ವಿನೆಗರ್ ಅಥವಾ ಅಮೋನಿಯಾ ಜೊತೆ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬೂಷ್ಟು ಒಳಕ್ಕಿಳಿದ ಕಾರ್ಪೆಟ್, ಹಾಸಿಗೆಗಳನ್ನು ಉಳಿಸುವ ಆಸೆ ಬಿಡಿ. ಸುಮಾರು 10 ಚದರ ಅಡಿಗಿಂತ ಹೆಚ್ಚು ಹಬ್ಬಿದ್ದರೆ ತಿಳಿದವರನ್ನು ಕರೆಸಿ. ಅಮೆರಿಕದ ಇಪಿಎ ಸಂಸ್ಥೆ ಹೇಳುವ ಅಳತೆ ಅದು.

ಇನ್ನು ಮನೆ ಮಾಲೀಕರ ವಿಷಯ. ನಮಗೆ ಸಿಕ್ಕ ಮೊದಲ ಉತ್ತರ, "ನೀವು ಅಡುಗೆ ಜಾಸ್ತಿ ಮಾಡ್ತೀರಿ" ಎಂದು. ನಿಮ್ಮಲ್ಲಿ ಕೆಲವರಿಗೂ ಇದು ಹೊಸದಲ್ಲ. ಈ ಮಾತಿಗೆ ತಲೆಬಾಗಬೇಡಿ. ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನಿಂದ ಬಂದ ಉಸಿರಾಟದ ಕಾಯಿಲೆಯೇ ಕಾರಣವೆಂದು 2022ರ ನವೆಂಬರ್‌ನಲ್ಲಿ ಕಾರೋನರ್ ತೀರ್ಪು ಕೊಟ್ಟರು. ಆ ಕುಟುಂಬದ ಜೀವನಶೈಲಿಯ ಮೇಲೂ ಹೀಗೇ ತಪ್ಪು ಹೊರಿಸಲಾಗಿತ್ತು. ಅವನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸೋಷಿಯಲ್ ಹೌಸಿಂಗ್ ಮನೆಗಳಿಗೆ ಜಾರಿಯಲ್ಲಿದೆ. ಗಂಭೀರವಾದ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು, ತುರ್ತು ಅಪಾಯವಿದ್ದರೆ 24 ಗಂಟೆಯಲ್ಲಿ. ಖಾಸಗಿ ಬಾಡಿಗೆ ಮನೆಗಳಿಗೂ ಇದನ್ನು ವಿಸ್ತರಿಸುವ ಅವಕಾಶ 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಲ್ಲಿದೆ.

ನಾನು ಫೋನಿನಲ್ಲಿ ಜಗಳವಾಡದೆ, ಎರಡು ವಾರದ ಮೀಟರ್ ಅಂಕಿಗಳು, ದಿನಾಂಕವಿರುವ ಫೋಟೋಗಳು, ಟಾಯ್ಲೆಟ್ ಪೇಪರ್ ಪರೀಕ್ಷೆಯ ವಿಡಿಯೋ, ಎಲ್ಲವನ್ನೂ ಈಮೇಲ್ ಮಾಡಿದೆ. ರಿಪೇರಿಯವನು ಬಂದು ಅಟ್ಟ ಹತ್ತಿ ನೋಡಿದರೆ ಫ್ಯಾನಿನ ಕೊಳವೆ ಕಳಚಿ ಬಿದ್ದಿತ್ತು! ಅದನ್ನು ಸರಿಮಾಡಿ, ಬಟ್ಟೆಯ ಜಾಗ ಬದಲಿಸಿದ ಮೇಲೆ ಬೆಳಗಿನ ಅಂಕಿ 55ಕ್ಕೆ ಇಳಿಯಿತು. ಮಗಳ ಕೆಮ್ಮೂ ನಿಂತಿತು. ಬೂಷ್ಟೇ ಕಾರಣವೆಂದು ಆಣೆ ಮಾಡಿ ಹೇಳಲಾರೆ, ಅದು ಡಾಕ್ಟರ ಕೆಲಸ. ಮಕ್ಕಳಿಗೆ ಉಬ್ಬಸವಿದ್ದರೆ ಮನೆಯಲ್ಲಿ ಬೂಷ್ಟಿರುವುದನ್ನು ಜಿಪಿಗೆ ತಪ್ಪದೆ ತಿಳಿಸಿ.

ಹೈಗ್ರೋಮೀಟರ್ ಬೇಕಾದವರು ಯುಗಾದಿ ಕಾರ್ಯಕ್ರಮದ ದಿನ ನನ್ನನ್ನು ಕೇಳಿ. ಒಂದು ವಾರ ಇಟ್ಟುಕೊಂಡು, ದಯವಿಟ್ಟು ವಾಪಸ್ ಕೊಡಿ!